ಊರಿನ ಗೂಟ

ಗೂಟ ಮದುವೆಯಾಗಲು ಹೊರಟಿದ್ದಾನೆಂಬ ಸುದ್ದಿ ಕೇಳಿ ಊರಿನಲ್ಲಿ ಎಲ್ಲರಿಗಿಂತ ಮೊದಲು ನಕ್ಕಿದ್ದು ಫಕ್ಕೀರವ್ವನ ಆಡು ಎಂದು ಜನ ಈಗಲೂ ಹೇಳುತ್ತಾರೆ. ಅದು ಸುಳ್ಳು. ಆಡು ನಗಲಿಲ್ಲ, ಕೆಮ್ಮಿತು. ಆಗ ಅದನ್ನು ನನ್ನ ಸೊಂಟಕ್ಕೇ ಕಟ್ಟಲಾಗಿತ್ತಾದ್ದರಿಂದ ಈ ವಿಷಯದಲ್ಲಿ ನನ್ನ ಮಾತೇ ಕೊನೆಯದು.

ಗೂಟ ಎಂದರೆ ನಾನು. ಹೆತ್ತವರು ಇಟ್ಟ ಹೆಸರು ಹೊಳೆಬಸು. ಆದರೆ ಆ ಹೆಸರಿನಿಂದ ಕರೆದರೆ ನಾನೇ ಹಿಂದೆ ತಿರುಗಿ ಇನ್ಯಾರೋ ನಿಂತಿದ್ದಾರೆಯೇ ಎಂದು ನೋಡುವಷ್ಟು ಕಾಲವಾಗಿತ್ತು.

ನಮ್ಮಲ್ಲಿ ಬೇಸಿಗೆ ಬಂದರೆ ಪಡುವಣ ಗುಡ್ಡದ ಆಚೆ ಗುಡುಗು ಮಳೆ ಬೀಳುತ್ತದೆ. ಮಳೆ ಗುಡ್ಡದಾಚೆಯವರಿಗೆ, ತೆರೆ ನಮಗೆ. ಹೊಂಡಕ್ಕೆ ಎಮ್ಮೆ ಬಿದ್ದಾಗ ನೀರು ಏಳುವ ಹಾಗೆ ಅಲ್ಲಿ ಗಾಳಿ ಏಳುತ್ತದೆ, ಎದ್ದದ್ದು ಬಯಲು ದಾಟಿ ನಮ್ಮ ಊರಿನ ಮೇಲೆ ಹಾಯುತ್ತದೆ. ಮೊದಲು ಕಾಗೆಗಳು ನೆಲಕ್ಕಿಳಿದು ಕೋಳಿಗಳ ಹಾಗೆ ಕೂರುತ್ತವೆ. ಕಿವಿಯೊಳಗೆ ಟಪ್ ಎನ್ನುತ್ತದೆ. ಮೋಡಗಳು ರಂಟೆ ಹೊಡೆದ ಹೊಲದಂತೆ ಸಾಲುಸಾಲಾಗಿ ನಿಲ್ಲುತ್ತವೆ. ಆಮೇಲೆ ಉಬ್ಬು ಬರುತ್ತದೆ. ಬುನಾದಿ ಇದ್ದದ್ದು ಇದ್ದಲ್ಲೇ ಇರುತ್ತದೆ, ಮಿಕ್ಕಿದ್ದೆಲ್ಲ ಮೇಲೇಳುತ್ತದೆ. ಕೆಲವರು ಮೊಳದಷ್ಟು, ಕೆಲವರು ಆಳೆತ್ತರ, ಇನ್ನು ಕೆಲವರು ಮಾಳಿಗೆ ಮಟ್ಟಕ್ಕೆ. ಒಂದು ಎಲೆ ಅಡಿಕೆ ಅಗಿದು ಮುಗಿಯುವಷ್ಟು ಹೊತ್ತು ಮೇಲಿದ್ದು ಇಳಿಯುತ್ತಾರೆ. ಇಳಿದ ಮೇಲೆ ತಗ್ಗು. ತಗ್ಗಿನಲ್ಲಿ ಮೈ ಬೀಸುಕಲ್ಲಾಗುತ್ತದೆ. ಕೆನ್ನೆ ಕೆಳಗೆ ಜೋಲುತ್ತವೆ, ದವಡೆ ಏಳುವುದಿಲ್ಲ, ದೊಡ್ಡ ಮನುಷ್ಯರೂ ಬಿದ್ದಲ್ಲೇ ಹಪ್ಪಳದಂತೆ ಬಿದ್ದಿರುತ್ತಾರೆ. ಮತ್ತೆ ಉಬ್ಬು, ಮತ್ತೆ ತಗ್ಗು, ಪ್ರತಿಸಲ ತುಸು ಕಡಿಮೆಯಾಗುತ್ತ, ಊರು ಕೊನೆಗೆ ತೊಟ್ಟಿಲು ನಿಂತಂತೆ ನಿಲ್ಲುತ್ತದೆ. ಉಬ್ಬಿನ ಬಗ್ಗೆ ನಮ್ಮಲ್ಲಿ ಹಾಡುಗಳಿವೆ. ತಗ್ಗಿನ ಬಗ್ಗೆ ಯಾರೂ ಮಾತಾಡುವುದಿಲ್ಲ. ಅದು ಬಚ್ಚಲ ಮನೆಯ ವಿಷಯ ಇದ್ದಹಾಗೆ.

ನಾನು ಏಳುತ್ತಿರಲಿಲ್ಲ. ಹುಟ್ಟಿದ ಬೇಸಿಗೆಯಲ್ಲಿ ಓಣಿಯ ಕೂಸುಗಳೆಲ್ಲ ತೊಟ್ಟಿಲಿನಿಂದ ಎದ್ದು ದುಪ್ಪಟಿಯ ಕೆಳಗೆ ಗುಬ್ಬಿಗಳಂತೆ ಒದ್ದಾಡುತ್ತಿದ್ದಾಗ ನಾನು ಹಾಸಿಗೆಗೆ ಅಂಟಿಕೊಂಡು ಹೆಬ್ಬೆಟ್ಟು ಚೀಪುತ್ತಿದ್ದೆನಂತೆ. ಅವ್ವ ಅತ್ತಳು. ಊರು ಸಿಹಿ ಹಂಚಿತು. ಯಾಕೆಂದರೆ ಹಿಂದಿನ ಗೂಟ ಮುದುಕನಾಗಿದ್ದ, ಆಗೀಗ ಸೀನಿದರೆ ಅಲುಗುತ್ತಿದ್ದ. ನನಗೆ ಮೀಸೆ ಬರುವ ಹೊತ್ತಿಗೆ ಪುರಸಭೆ ನನ್ನ ಸೊಂಟಕ್ಕೆ ತೊಗಲಿನ ಪಟ್ಟಿ ಬಿಗಿದು ಪೇಟೆಯ ಬೀದಿಯ ಕಟ್ಟೆಯ ಮೇಲೆ ಕೂರಿಸಿತು. ಗುಡ್ಡದಾಚೆ ಗುಡುಗಿದರೆ ಜನ ಹಗ್ಗ ಹಿಡಿದು ಓಡಿ ಬರುತ್ತಿದ್ದರು. ಆಡು, ತೊಟ್ಟಿಲು, ಒಣಹಾಕಿದ ಸಂಡಿಗೆಯ ಚಾಪೆ, ಗಾಳಿಗೆ ಸಿಕ್ಕರೆ ಎತ್ತಲೋ ಹೋಗಿಬಿಡುವ ಮುದುಕರು, ಎಲ್ಲವೂ ನನಗೆ. ಕಂಬಕ್ಕೆ ಕಟ್ಟಬಾರದೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಕಂಬ ಗಂಟು ಸಡಿಲಾದರೆ ಕೂಗಿ ಹೇಳುತ್ತದೆಯೇ? ಕೂಸು ಅತ್ತರೆ ಹಗ್ಗ ಜಗ್ಗಿ ತೂಗುತ್ತದೆಯೇ?

ಮರ್ಯಾದೆ ಬಹಳ ಇತ್ತು. ಮೊದಲ ಮಾವಿನಹಣ್ಣು ನನಗೇ ಬರುತ್ತಿತ್ತು. ಆದರೆ ನಮ್ಮ ಊರಿನ ಮುಖ್ಯ ಕೆಲಸಗಳೆಲ್ಲ ಮೇಲೆ ನಡೆಯುವಂಥವು. ಜಗಳಗಳನ್ನು ಮೇಲೆ ತೀರಿಸುತ್ತಾರೆ, ಅಲ್ಲಿ ಹೊಡೆಯಲು ಹೋದವನು ತಾನೇ ಗಿರಗಿರ ತಿರುಗುತ್ತಾನಾದ್ದರಿಂದ. ಸಂಬಂಧಗಳನ್ನು ಮೇಲೆ ಕುದುರಿಸುತ್ತಾರೆ. ತಾಳಿಯನ್ನಂತೂ ಉಬ್ಬಿನಲ್ಲಿಯೇ ಕಟ್ಟಬೇಕು. ಗಂಡು ಹೆಣ್ಣು ಒಟ್ಟಿಗೆ ಏಳುತ್ತಿರುವಾಗ ಕೆಳಗಿನಿಂದ ಮೇಲಕ್ಕೆ ಅಕ್ಷತೆ ಎರಚುತ್ತಾರೆ. ಇದನ್ನೆಲ್ಲ ನಾನು ಕಂಡದ್ದು ಅಂಗಾಲುಗಳ ಮೂಲಕ. ಇಡೀ ಊರನ್ನು ನಾನು ಅಂಗಾಲಿನಿಂದ ಗುರುತು ಹಿಡಿಯಬಲ್ಲೆ. ಅವರು ಇಳಿದು ಬಂದಾಗ, "ಏನ್ ಮಾತಾಡಿದ್ರಿ?" ಎಂದು ಕೇಳಿದರೆ, "ಅದು ಮ್ಯಾಲಿನ ಮಾತಪಾ, ನಿನಗ ತಿಳಿಯಂಗಿಲ್ಲ" ಎಂದು ಬೆನ್ನು ತಟ್ಟಿ ಹಗ್ಗ ಬಿಚ್ಚಿಕೊಂಡು ಹೋಗುತ್ತಿದ್ದರು.

ಕಟ್ಟೆಯ ಎದುರಿಗೆ ಸುಗಂಧಾಳ ಮಿರ್ಚಿ ಭಜಿ ಅಂಗಡಿ. ತಂದೆ ದುಂಡಪ್ಪ ಅಂಗಡಿಯನ್ನು ಮಗಳಿಗೆ ಬಿಟ್ಟುಕೊಟ್ಟು ತಾನು ಏಳುವುದನ್ನೇ ಉದ್ಯೋಗ ಮಾಡಿಕೊಂಡಿದ್ದ. ಊರಿನಲ್ಲಿ ಅವನಷ್ಟು ಎತ್ತರ ಏಳುವವರು ಬೇರೆ ಯಾರೂ ಇರಲಿಲ್ಲ. ಮಗಳು ಮಾತ್ರ ಮೊಳದಷ್ಟೂ ಏಳುತ್ತಿರಲಿಲ್ಲ. ಕಡಾಯಿಗೆ ಮುಚ್ಚಳ ಬಿಗಿದು, ಅದರ ಹಿಂದೆ ಗೇಣಷ್ಟು ಎದ್ದು, ಬಿಳಿಚಿಕೊಂಡು ನಿಲ್ಲುತ್ತಿದ್ದಳು. ಮಂದಗತಿಯ ಹುಡುಗಿ ಎಂದು ಜನ ಮೇಲಿನಿಂದ ನೋಡಿ ಕನಿಕರಪಡುತ್ತಿದ್ದರು. ನಿಜ ಗೊತ್ತಿದ್ದದ್ದು ನನಗೊಬ್ಬನಿಗೆ, ಕೆಳಗೆ ನೋಡುವವನು ನಾನೊಬ್ಬನೇ ಆದ್ದರಿಂದ. ಅವಳ ಎರಡೂ ಕಾಲಿನ ಬೆರಳುಗಳು ಗಟಾರದ ಹಾಸುಬಂಡೆಯ ಅಂಚಿನ ಕೆಳಗೆ ಸಿಕ್ಕಿಸಿಕೊಂಡಿರುತ್ತಿದ್ದವು. ಹಿಡಿತಕ್ಕೆ ಉಗುರು ಬೆಳ್ಳಗಾಗಿರುತ್ತಿದ್ದವು.

ಒಂದು ದಿನ ನಾನು ಅವುಗಳನ್ನೇ ನೋಡುತ್ತಿರುವುದನ್ನು ಅವಳು ನೋಡಿದಳು.

"ಯಾರಿಗರ ಹೇಳಿದ್ರ ನೋಡು, ಬಿಸಿ ಎಣ್ಣಿ ಕುಡಸ್ತೀನಿ."

"ಹೇಳಂಗಿಲ್ಲ. ಯಾಕ ಏಳೂದಿಲ್ಲ?"

"ಎದ್ರ ಹೊಟ್ಟಿ ತೊಳಸ್ತೈತಿ. ಹತ್ತನೇ ವಯಸ್ಸಿನ್ಯಾಗ ಒಮ್ಮಿ ಮಾಳಿಗಿ ಮಟಾ ಹೋಗಿ ಪುರಸಭೆ ಅಧ್ಯಕ್ಷರ ತಲಿ ಮ್ಯಾಲ ಕಾರಿಕೊಂಡೆ. ಆವಾಗಿಂದ ಈ ಹಾಸುಬಂಡೀನ ನನ್ನ ಬಂಧು."

ನಾನು ನಕ್ಕೆ. ಸೊಂಟಕ್ಕೆ ಕಟ್ಟಿದ ತೊಟ್ಟಿಲೂ ಆಡೂ ಸಂಡಿಗೆ ಚಾಪೆಯೂ ನನ್ನ ನಗೆಗೆ ಕುಣಿದವು. ಅವತ್ತಿನಿಂದ ಉಬ್ಬು ಬಂದಾಗಲೆಲ್ಲ ಊರು ಮೇಲೆ ಮಾತಾಡುತ್ತಿದ್ದರೆ ನಾವಿಬ್ಬರು ಕೆಳಗೆ ಮಾತಾಡುತ್ತಿದ್ದೆವು. ಮೂರು ಬೇಸಿಗೆ ಹೀಗೆ ಕಳೆದವು. ಮೂರನೆಯ ಬೇಸಿಗೆಯಲ್ಲಿ ಅವಳೇ, "ಸುಮ್ಮ ಕುಂತ್ರ ಹೆಂಗ? ಅಪ್ಪನ್ನ ಕೇಳು ಹೋಗು," ಎಂದಳು.

ದುಂಡಪ್ಪ ಜಗಲಿಯ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ನಾನು ಕೇಳಿದ್ದನ್ನು ಕೇಳಿ ಅವನಿಗೆ ಸಿಟ್ಟೇನೂ ಬರಲಿಲ್ಲ. ಅದೇ ಹೆಚ್ಚು ಅವಮಾನ ಅನ್ನಿಸಿತು.

"ತಮ್ಮಾ, ನೀ ಒಳ್ಳೇ ಗೂಟ. ನಿನ್ನಂಥಾ ಗೂಟ ಸುತ್ತ ಹತ್ತೂರಾಗ ಇಲ್ಲ. ಖರೇ, ಗೂಟಕ್ಕ ಮಗಳ್ನ ಕಟ್ಟಾಕ ಆಕೈತೇನು? ತಾಳಿ ಎಲ್ಲಿ ಕಟ್ತೀ?"

"ಕೊಳ್ಳಾಗ, ಮಾವಾರ."

"ಕೊಳ್ಳಾಗ ಅಂತ ನನಗೂ ಗೊತ್ತೈತೋ. ಕೊಳ್ಳು ಎಲ್ಲಿರಬೇಕು? ಮ್ಯಾಲ. ನೆಲದ ಮ್ಯಾಲ ಕಟ್ಟಿದ ತಾಳಿ ದನಕ್ಕ ಕಟ್ಟಿದ ಗಂಟಿ, ಕೇಳಿಲ್ಲೇನು? ಹಿಂದಿನ ಗೂಟ ಮದಿವಿ ಇಲ್ಲದ ಸತ್ತ. ಒಳ್ಳೇ ಸಾವು. ಹೆಣಾ ಇಡೀ ಊರ ಹೊತ್ತೀವಿ."

"ನಾ ಎದ್ರ?"

"ನೀ ಎದ್ರ," ಎಂದು ದುಂಡಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ, "ಅವತ್ತ, ಅದೇ ಉಬ್ಬಿನ್ಯಾಗ ತಾಳಿ ಕಟ್ಟಸ್ತೀನಿ. ಗೇಣು ಎದ್ರ ಸಾಕು. ದುಂಡಪ್ಪನ ಮಾತು." ಆಮೇಲೆ ಆ ಯೋಚನೆಗೇ ಅವನಿಗೆ ನಗೆ ಬಂದು ಎಣ್ಣೆಯ ಬಟ್ಟಲು ಉರುಳಿಸಿಕೊಂಡ.

ಇದಾದ ವಾರದೊಳಗೆ ನಾನು ಎದ್ದೆ. ಯಾಕೆ ಎಂದು ಕೇಳಬೇಡಿ, ಗೊತ್ತಿಲ್ಲ. ಅದು ಸಾಧಾರಣ ತೆರೆ. ಅವತ್ತು ಸುಗಂಧಾ ಅಂಗಡಿ ತೆರೆದಿರಲಿಲ್ಲ. ನನ್ನ ಸೊಂಟಕ್ಕೆ ಫಕ್ಕೀರವ್ವನ ಆಡೊಂದೇ ಇತ್ತು. ಎಡಗಾಲಿನ ಹಿಮ್ಮಡಿಯ ಕೆಳಗೆ ಏನೋ ತಣ್ಣಗೆ ಹಾಯಿತು. ಬಗ್ಗಿ ನೋಡಿದರೆ ಗಾಳಿ. ನನ್ನ ಹಿಮ್ಮಡಿಗೂ ಕಟ್ಟೆಗೂ ನಡುವೆ ಒಂದು ಬೆರಳು ತೂರುವಷ್ಟು ಬೆಳಕಿತ್ತು. ಆಡು ಒಮ್ಮೆ ನನ್ನ ಕಾಲನ್ನು, ಒಮ್ಮೆ ನನ್ನ ಮುಖವನ್ನು ನೋಡಿತು. ಆಮೇಲೆ ಕೆಮ್ಮಿತು.

ನಾನು ಉಬ್ಬು ಇಳಿಯುವುದನ್ನೇ ಕಾದು, ತಗ್ಗು ಮುಗಿಯುವುದನ್ನೇ ಕಾದು, ದುಂಡಪ್ಪನ ಮನೆಗೆ ಓಡಿದೆ. ಅವನು ನಂಬಲಿಲ್ಲ. ಆದರೆ ಆಡಿದ ಮಾತು ಆಡಿದ್ದೇ. "ಮುಂದಿನ ಉಬ್ಬಿಗೆ ಪೇಟ್ಯಾಗ ಹಂದರ ಹಾಕಸ್ತೀನಿ. ಎದ್ದಿ, ಅಳಿಯ. ಏಳಲಿಲ್ಲ, ಹಂದರದ ಗೂಟ. ಎರಡಕ್ಕೂ ಬರ್ತೀ ನೀ. ಆದ್ರ ಏಳ್ತೀ ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ. ನಗೆಪಾಟಲಾಗೂದು ನಾನು." ಹೀಗಾಗಿ ಗೂಟಕ್ಕೆ ಮದುವೆ ಎಂಬ ಸುದ್ದಿ ಊರಿಗೆ ಹರಡಿತು, ಗೂಟ ಏಳುತ್ತದೆ ಎಂಬುದು ಹರಡಲಿಲ್ಲ. ದುಂಡಪ್ಪನಿಗೆ ಮಗಳು ಭಾರವಾಗಿರಬೇಕು, ಪದ್ಧತಿ ಬಿಟ್ಟು ಕೊಡುತ್ತಿದ್ದಾನೆ ಎಂದು ಜನ ಲೆಕ್ಕ ಹಾಕಿದರು.

ಸುಗಂಧಾಳಿಗೆ ಹೇಳದೆ ಇರಲಾದೀತೇ? ಹಿಟ್ಟು ಕಲಸುತ್ತಿದ್ದವಳ ಮುಂದೆ ನಿಂತು, ಎಡ ಹಿಮ್ಮಡಿ ಎತ್ತಿ ತೋರಿಸಿ, ನಡೆದದ್ದನ್ನೆಲ್ಲ ಹೇಳಿದೆ. ಅವಳ ಕೈ ಹಿಟ್ಟಿನಲ್ಲಿಯೇ ನಿಂತಿತು.

"ಎದ್ದೀ?"

"ಒಂದು ಬೆರಳು. ಇನ್ನ ಏರ್ತೈತಿ ಅನ್ನಸ್ತೈತಿ!"

"ಹಾರೂ ಗಂಡು ಬೇಕಾಗಿದ್ರ ಊರ ತುಂಬ ಅದಾವ. ಎಲ್ಲಾರೂ ಮ್ಯಾಲ ಹೋಗಿ ಕಾಲು ಅಲ್ಲಾಡಿಸ್ಕೋತ ನಿಲ್ಲೋರ. ನಾ ಯಾಕ ನಿನ್ನ ಕೇಳಿದ್ದೆ? ನೀ ಕೆಳಗಿರ್ತೀ ಅಂತ."

"ಏಳದಿದ್ರ ನಿಮ್ಮಪ್ಪ ಕೊಡಂಗಿಲ್ಲ."

"ಎದ್ರ ನಾ ಬರಂಗಿಲ್ಲ." ಅವಳು ಒಂದು ಮೆಣಸಿನಕಾಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಟ್ಟಳು. ಅದು ಚುರ್ ಎಂದು ಮೇಲೆ ತೇಲಿತು. ಇಬ್ಬರೂ ಅದನ್ನು ನೋಡಿದೆವು. "ಥೂ," ಎಂದು ಅವಳು ಅದನ್ನು ಜಾಲರಿಯಿಂದ ಒತ್ತಿ ಮುಳುಗಿಸಿದಳು.

ಮುಂದಿನ ದಿನಗಳಲ್ಲಿ ನಾನು ತಿಂದಷ್ಟು ಯಾರೂ ತಿಂದಿರಲಿಕ್ಕಿಲ್ಲ. ಬೆಳಿಗ್ಗೆ ಏಳಬಾರದೆಂದು ಮುದ್ದೆಯಂಥ ಜೋಳದ ಸಂಕಟಿ ತಿನ್ನುತ್ತಿದ್ದೆ. ಮಧ್ಯಾಹ್ನ ದುಂಡಪ್ಪ ಎದುರಾದರೆ ಹೆದರಿ ಏಳಲೇಬೇಕೆಂದು ಉಪವಾಸ ಬೀಳುತ್ತಿದ್ದೆ. ಒಂದು ರಾತ್ರಿ ಚಪ್ಪಲಿಗೆ ಸೀಸದ ತುಂಡು ಹೊಲಿಸುವ ಯೋಚನೆಯಾಯಿತು. ಬೆಳಗಾಗುವಾಗ ಅದನ್ನು ಬಿಟ್ಟೆ. ಅವಳಿಗೆ ಮಾಡಿದ ಮೋಸ ಕಾಲಡಿಯೇ ಇರುತ್ತದಲ್ಲ, ದಿನಾ ತುಳಿಯಬೇಕಲ್ಲ.

ಗುಡ್ಡದಾಚೆ ಆ ಬೇಸಿಗೆಯ ಎಲ್ಲಕ್ಕಿಂತ ದೊಡ್ಡ ಗುಡುಗು ಮದುವೆಯ ದಿನವೇ ಹೊಡೆಯಿತು, ಯಾಕೆಂದರೆ ಗುಡುಗು ಹೊಡೆದ ದಿನವೇ ಮದುವೆ ಎಂದು ಮಾತಾಗಿತ್ತು. ಮಿಂಚಿಗೆ ಗುಡ್ಡದ ಬೆನ್ನು ಬೆಳ್ಳಗೆ ಕಾಣುತ್ತಿತ್ತು. ಕಾಗೆಗಳು ಇಳಿದವು. ಒಂದು ಕಾಗೆ ಅಂಗಾತ ಮಲಗಿಯೇ ಬಿಟ್ಟಿತು. ಹಂದರ ಎಬ್ಬಿಸಿದವರು ಅದರ ಹಗ್ಗವನ್ನು ರೂಢಿಯಂತೆ ನನ್ನ ಸೊಂಟಕ್ಕೇ ಬಿಗಿದು, ಉಳಿದ ತುದಿಯನ್ನು ಸುಗಂಧಾಳ ಅಂಗಡಿಯ ಮುಂದೆ ಬಿಟ್ಟರು. ಮದುಮಗ ಎಂದು ನನಗೆ ಬಾಸಿಂಗ ಕಟ್ಟಿದ ಕೈಗಳೇ ನನಗೆ ಆಡನ್ನೂ ಕಟ್ಟಿದವು.

"ಇವತ್ತೊಂದಿನ ಬಿಡ್ರಿ, ನನ್ನ ಮದಿವಿ ಐತಿ," ಎಂದೆ.

"ಅದಕ್ಕ ಬಂದೀವಿ," ಎಂದಳು ಫಕ್ಕೀರವ್ವ ಗಂಟು ಬಿಗಿಯುತ್ತ. "ಆಡನ್ನ ಎಲ್ಲಿ ಬಿಟ್ಟು ಬರ್ಲಿ? ಗೂಟ ಒಂದ ಇರೂದು ಊರಿಗೆ."

ದೊಡ್ಡ ಗುಡುಗೆಂದು ಎಲ್ಲರೂ ಎಲ್ಲವನ್ನೂ ತಂದರು. ತೊಟ್ಟಿಲುಗಳು, ಸಂಡಿಗೆ ಚಾಪೆ, ಅಡಿಗೆಯ ಹಂಡೆ, ಬ್ಯಾಂಡಿನವರ ಡೊಳ್ಳು. ಪುರಸಭೆ ಅಧ್ಯಕ್ಷರು ವಯಸ್ಸಾಯಿತೆಂದು ತಮ್ಮನ್ನೇ ತಾವು ಕಟ್ಟಿಕೊಂಡರು. ಸುಗಂಧಾ ಅಂಗಡಿಯ ಕಡಾಯಿಯ ಹಿಂದೆ ಮದುಮಗಳ ಸೀರೆಯಲ್ಲಿ ನಿಂತಿದ್ದಳು. ಬೆರಳುಗಳು ಬಂಡೆಯ ಕೆಳಗಿದ್ದವು, ಕಣ್ಣು ನನ್ನ ಹಿಮ್ಮಡಿಗಳ ಮೇಲಿತ್ತು. ದುಂಡಪ್ಪನ ಕಣ್ಣೂ ಅಲ್ಲೇ ಇತ್ತು. ಮಠದ ಅಯ್ಯನವರು ತಾಳಿಯನ್ನು ನನ್ನ ಅಂಗೈಯಲ್ಲಿಟ್ಟು, "ನಮೋ" ಎಂದು ಶುರುಮಾಡಿ ಕಿವಿ ಟಪ್ ಎಂದಕೂಡಲೇ ನಿಲ್ಲಿಸಿದರು.

ಉಬ್ಬು ಬಂತು. ದುಂಡಪ್ಪ ಸರ್ರನೆ ಹೋದ. ಅಯ್ಯನವರು ಪಂಚೆ ಸಾವರಿಸಿಕೊಂಡು ಹೋದರು. ನಾನು ಕಟ್ಟೆಯನ್ನು ಹಿಮ್ಮಡಿಯಿಂದ ಒತ್ತಿದೆ. ದೇವರಾಣೆಗೂ ಒತ್ತಿದೆ. ಕಟ್ಟೆ ಅಲ್ಲೇ ಇತ್ತು, ಹಿಮ್ಮಡಿ ಇರಲಿಲ್ಲ. ಬೆರಳು, ಗೇಣು, ಮೊಳ, ಆಳು. ನಾನು ಏರಿದೆ. ನನ್ನ ಹಿಂದೆ ಆಡು ಏರಿತು, ತೊಟ್ಟಿಲುಗಳು ಏರಿದವು, ಹಂಡೆ, ಡೊಳ್ಳು, ಚಾಪೆ, ಅಧ್ಯಕ್ಷರು, ಕೊನೆಗೆ ಕಂಬಗಳ ಸಮೇತ ಹಂದರ ಕಿತ್ತುಕೊಂಡು ಏರಿತು.

"ಗೂಟ ಕಿತ್ತು ಬಂತೋ!" ಎಂದು ಫಕ್ಕೀರವ್ವ ಪಕ್ಕದಲ್ಲಿ ಏಳುತ್ತಲೇ ಬೊಬ್ಬೆ ಹಾಕಿದಳು.

"ಎದ್ದಾನ! ಅಳಿಯಾ ಎದ್ದಾನ!" ಎಂದು ದುಂಡಪ್ಪ ಮೇಲಿಂದ ಚಪ್ಪಾಳೆ ತಟ್ಟಿದ.

"ಇದು ಸರ್ಕಾರಿ ಹುದ್ದೆ!" ಎಂದರು ಅಧ್ಯಕ್ಷರು, ತಲೆಕೆಳಗಾಗಿ. "ಅನುಮತಿ ಇಲ್ಲದ ಏಳೂದಂದ್ರ ಏನು!"

ಗಾಳಿ ನಮ್ಮ ಗೊಂಚಲನ್ನು ಕೆರೆಯ ಕಡೆಗೆ ತಳ್ಳತೊಡಗಿತು. ಕೆರೆಯ ಮೇಲೆ ಉಬ್ಬು ಇಳಿದರೆ, ಆಮೇಲೆ ನೀರಿನೊಳಗೆ ತಗ್ಗು ಬಂದರೆ, ತೊಟ್ಟಿಲುಗಳ ಗತಿ ಏನೆಂದು ಯೋಚಿಸಲು ಎಲ್ಲರಿಗೂ ಒಂದೇ ಸಲಕ್ಕೆ ಸಮಯ ಸಿಕ್ಕಿತು. ತಾಯಂದಿರು ಗಾಳಿಯಲ್ಲಿ ಈಜುವಂತೆ ಕೈ ಬಡಿಯುತ್ತ ಕೂಗಿಕೊಂಡರು. ಆಗ ಹಂದರದ ಹಗ್ಗ ಜಗ್ ಎಂದಿತು. ಗೊಂಚಲು ಗಾಳಿಪಟದಂತೆ ನಿಂತಿತು.

ಕೆಳಗೆ ಸುಗಂಧಾ ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡು ನಿಂತಿದ್ದಳು. ಕಾಲಿನ ಬೆರಳುಗಳು ಬಂಡೆಯ ಕೆಳಗೆ. ಇಡೀ ಊರು ಅವಳೊಬ್ಬಳ ಬೆರಳುಗಳಿಗೆ ನೇತುಬಿದ್ದಿತ್ತು.

"ಬಿಟ್ಟುಬಿಡ, ಬೆರಳು ಮುರೀತಾವ!" ಎಂದು ಕೂಗಿದೆ.

"ನೀ ಸುಮ್ಮ ಇರು! ಎದ್ದಿಯಲ್ಲಾ, ಎದ್ದು ಏನ್ ಕಂಡಿ?"

ಏನು ಕಂಡೆ? ಅಷ್ಟು ವರ್ಷ ಕೇಳಬೇಕೆಂದಿದ್ದ ಮೇಲಿನ ಮಾತು ಅದೇ ಹೊತ್ತಿಗೆ ನನ್ನ ಕಿವಿಗೆ ಬೀಳುತ್ತಿತ್ತು. ಬೊಬ್ಬೆಯ ನಡುವೆಯೂ ನನ್ನ ಎಡಕ್ಕೆ ತೇಲುತ್ತಿದ್ದ ಇಬ್ಬರು ಹಿರಿಯರು ಬದನೆಗಿಡಕ್ಕೆ ಬಿದ್ದ ಹುಳಕ್ಕೆ ಬೂದಿ ಒಳ್ಳೆಯದೋ ಗಂಜಲ ಒಳ್ಳೆಯದೋ ಎಂದು ಮಾತಾಡುತ್ತಿದ್ದರು. ಇನ್ನೊಬ್ಬರು ಮಂಡಿನೋವಿನ ಕಥೆ ಹೇಳುತ್ತಿದ್ದರು. ಅಷ್ಟೆ. ಬೇರೆ ಏನೂ ಇರಲಿಲ್ಲ.

"ಬದನಿಕಾಯಿ!" ಎಂದು ಕೆಳಗೆ ಕೂಗಿದೆ. ತಾಳಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡೆ. ಹಗ್ಗ ಹಿಡಿದು, ತಲೆ ಕೆಳಗೆ ಮಾಡಿ, ಕೈಮೇಲೆ ಕೈ ಹಾಕುತ್ತ ಇಳಿಯತೊಡಗಿದೆ.

ಉಬ್ಬಿನಲ್ಲಿ ಇಳಿಯುವುದೆಂದರೆ ಕೊಡವನ್ನು ಬೋರಲು ಹಾಕಿ ಬಾವಿಯೊಳಗೆ ಮುಳುಗಿಸಿದ ಹಾಗೆ. ಒಂದು ಮೊಳ ಇಳಿದರೆ ಅರ್ಧ ಮೊಳ ವಾಪಸು. ಬೆನ್ನಿಗೆ ಇಡೀ ಊರಿನ ಸಾಮಾನು. "ಎಲ್ಲಿಗೋ ಮಂಗ್ಯಾ!" ಎಂದು ದುಂಡಪ್ಪ ಮೇಲಿಂದ ಅರಚುತ್ತಿದ್ದ. "ಆಕಿನ್ನ ಮ್ಯಾಲ ಜಗ್ಗು! ನೀ ಇಳೀಬ್ಯಾಡ! ಎದ್ದಾಗ ಕಟ್ಟಬೇಕು ತಾಳಿ!" ಅವಳು ನನ್ನನ್ನು ನೋಡುತ್ತಿದ್ದಳು. ಬೈಯಲಿಲ್ಲ. ಕೈಗೆ ಬಂದ ಸಡಿಲ ಹಗ್ಗವನ್ನು ಒಂದೊಂದೇ ಸುತ್ತು ಸುತ್ತಿಕೊಳ್ಳುತ್ತ ಹೋದಳು. ನನ್ನ ಮುಖ ಅವಳ ಮುಖದ ಮುಂದೆ ಬಂದಾಗ ನನ್ನ ಗದ್ದ ಮೇಲಿತ್ತು, ಹಣೆ ಕೆಳಗಿತ್ತು. ಮೂಗಿನ ತುದಿಯ ಬೆವರು ಅವಳ ಹಣೆಗೆ ಹನಿಯಲಿಲ್ಲ, ಮೇಲಕ್ಕೆ ಹೋಯಿತು.

"ಯಾಕ ಬಂದಿ?" ಎಂದಳು.

ಬಾಯಲ್ಲಿ ತಾಳಿ ಇದ್ದದ್ದರಿಂದ ಉತ್ತರ ಕೊಡಲಾಗಲಿಲ್ಲ. ಅಷ್ಟರಲ್ಲಿ ಉಬ್ಬು ಇಳಿಯಿತು.

ಊರು ಧೊಪ್ಪೆಂದು ಬಿತ್ತು. ಕೆರೆಗೆ ಇನ್ನೂ ಒಂದು ಬೀದಿ ದೂರದಲ್ಲಿ, ನೆಲದ ಮೇಲೆ, ಕೂಸುಗಳು ತೊಟ್ಟಿಲುಗಳಲ್ಲಿ ಕ್ಷೇಮವಾಗಿ. ಅದರ ಬೆನ್ನಿಗೇ ತಗ್ಗು ಬಂತು. ದೊಡ್ಡ ಉಬ್ಬಿನ ತಗ್ಗು, ನಾನು ಅಂಥದ್ದನ್ನು ಕಂಡಿರಲಿಲ್ಲ. ಅಧ್ಯಕ್ಷರು ಸಂಡಿಗೆ ಚಾಪೆಯ ಮೇಲೆ ಚಪ್ಪಟೆಯಾದರು. ಅಯ್ಯನವರ ಮಂತ್ರ ಗಂಟಲಲ್ಲೇ ಕೂತಿತು. ದುಂಡಪ್ಪ ಅಂಗಡಿಯ ಮುಂದೆ ಬೋರಲು ಬಿದ್ದು ಒಂದು ಕಣ್ಣಿನಿಂದ ನಮ್ಮನ್ನು ನೋಡುತ್ತಿದ್ದ. ಬೈಯಬೇಕೆಂದು ತುಟಿ ನಡುಗುತ್ತಿತ್ತು, ದವಡೆ ಏಳುತ್ತಿರಲಿಲ್ಲ. ನಾನೂ ಸುಗಂಧಾಳೂ ಬಂಡೆಯ ಮೇಲೆ ಒಬ್ಬರಿಗೊಬ್ಬರು ಒರಗಿ ಕುಸಿದು ಕೂತಿದ್ದೆವು. ಊರಿನಲ್ಲಿ ಬೇಡ ಎನ್ನಬಲ್ಲ ಒಂದು ಬಾಯಿಯೂ ಇರಲಿಲ್ಲ. ಹೌದು ಎನ್ನಲೂ ಇರಲಿಲ್ಲ.

ಅವಳು ಕುತ್ತಿಗೆಯನ್ನು ನನ್ನ ಕಡೆಗೆ ತಿರುಗಿಸಿದಳು. ತಗ್ಗಿನಲ್ಲಿ ಕುತ್ತಿಗೆ ತಿರುಗಿಸುವುದು ಸಣ್ಣ ಕೆಲಸವಲ್ಲ. ನಾನು ಹಲ್ಲು ಸಡಿಲ ಮಾಡಿದೆ, ತಾಳಿ ಅಂಗೈಗೆ ಬಂಡೆಯಂತೆ ಬಿತ್ತು. ಎರಡು ಗುಂಜಿ ಬಂಗಾರ ಅಷ್ಟು ಭಾರ ಇರುತ್ತದೆಂದು ಗೊತ್ತಿರಲಿಲ್ಲ. ಕೈಯನ್ನು ಮೊಣಕಾಲಿನ ತನಕ ಎತ್ತಿ ಅಲ್ಲಿ ಸುಧಾರಿಸಿಕೊಂಡೆ. ಎದೆಯ ತನಕ ಎತ್ತಿ ಮತ್ತೆ ಸುಧಾರಿಸಿಕೊಂಡೆ. ಅವಳು ತನ್ನ ಕೈಯನ್ನು ನನ್ನ ಮೊಣಕೈಯ ಕೆಳಗಿಟ್ಟು ಎತ್ತಿದಳು. ಮೊದಲ ಗಂಟು ಹಾಕುವಷ್ಟರಲ್ಲಿ ನನ್ನ ತೋಳು ನಡುಗುತ್ತಿತ್ತು. ಎರಡನೆಯದಕ್ಕೆ ಇಬ್ಬರೂ ಏದುಸಿರು ಬಿಡುತ್ತಿದ್ದೆವು. ಮೂರನೆಯ ಗಂಟನ್ನು ಬಿಗಿದು ಕೈ ಬಿಟ್ಟಾಗ ಅದು ಸೀದಾ ಬಂಡೆಗೆ ಬಡಿದು ಬೆರಳು ಜಜ್ಜಿತು. ಯಾರೂ ಅಕ್ಷತೆ ಎರಚಲಿಲ್ಲ. ಅಕ್ಕಿಕಾಳುಗಳು ಅವರ ಮುಷ್ಟಿಯೊಳಗೇ ಮಲಗಿದ್ದವು.

ಮೈ ತುಸು ಹಗುರವಾಯಿತು. ಎರಡನೆಯ ಉಬ್ಬು ಬರುತ್ತಿತ್ತು. ದುಂಡಪ್ಪನ ದವಡೆ ಎಲ್ಲರಿಗಿಂತ ಮೊದಲು ಬಿಟ್ಟುಕೊಂಡಿತು. "ತಗ್ಗಿನ್ಯಾಗ! ತಗ್ಗಿನ್ಯಾಗ ಯಾರರ ತಾಳಿ ಕಟ್ತಾರನಲೇ! ಮಾನಗೇಡಿ! ಇದು ಮದಿವಿ ಅಲ್ಲ, ಇದು..." ಎನ್ನುತ್ತಲೇ ಅವನು ಏಳತೊಡಗಿದ. ಎಲ್ಲರಿಗಿಂತ ಎತ್ತರ ಏಳುವವನಾದ್ದರಿಂದ ಅವನ ಬೈಗುಳ ಬೇಗ ದೂರವಾಗಿ, ಮಾಳಿಗೆಯ ಮೇಲಿನಿಂದ ಸೊಳ್ಳೆಯಷ್ಟು ಕೇಳಿಸಿತು.

ನನ್ನ ಹಿಮ್ಮಡಿಯ ಕೆಳಗೆ ತಣ್ಣಗಾಯಿತು.

"ಏಳ್ತೀಯೇನ?" ಎಂದಳು ಸುಗಂಧಾ, ಬೆರಳುಗಳನ್ನು ಬಂಡೆಯ ಕೆಳಗೆ ತೂರಿಸುತ್ತ.

"ಏಳ್ತೀನಿ ಅನ್ನಸ್ತೈತಿ."

ಅವಳು ಸ್ವಲ್ಪ ಯೋಚಿಸಿದಳು. ಆಮೇಲೆ ನನ್ನ ಸೊಂಟದ ಪಟ್ಟಿಯಿಂದ ಆಡನ್ನು ಬಿಚ್ಚಿದಳು, ತೊಟ್ಟಿಲುಗಳನ್ನು ಬಿಚ್ಚಿದಳು, ಹಗ್ಗಗಳನ್ನೆಲ್ಲ ಬಂಡೆಯ ಇರುಕಿನಲ್ಲಿ ಒಂದೊಂದಾಗಿ ಸಿಕ್ಕಿಸಿದಳು. ಕಡಾಯಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದಳು. ನಾನು ಆಗಲೇ ಅವಳ ಭುಜದ ಮಟ್ಟಕ್ಕೆ ಬಂದಿದ್ದೆ.

"ಹೋಗಿ ಬರ್ತೀನಿ," ಎಂದೆ.

"ಹೂಂ. ಸಂಜಿ ಮಂದಿ ಬರೂ ಹೊತ್ತಾತು," ಎಂದಳು. "ಮಾಳಿಗಿ ಮ್ಯಾಲ ಮೆಣಸಿನಕಾಯಿ ಚೀಲ ಕಟ್ಟಿ ಹಾಕೀನಿ, ಬರೂವಾಗ ತಗೊಂಡು ಇಳಿ."